ತಣ್ಣಗಿದ್ದ ಗೋಡೆ

ಬಿಳಿಕೆರೆಯ ಸರ್ಕಲ್ಲಿನಲ್ಲಿ ನನ್ನ ಸ್ಕೂಟರಿನ ಹಿಂದೆ ಕಟ್ಟಿದ್ದ ಭತ್ತದ ಹೊಟ್ಟಿನ ಮೂಟೆ ಒಡೆದು ರಸ್ತೆಯ ತುಂಬ ಚೆಲ್ಲಿತು. ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ಈ ವಯಸ್ಸಲ್ಲಿ ಹೊಟ್ಟು ಮಾರುವ ಗತಿ ಯಾಕೆ ಬಂತಮ್ಮಾ ಎಂದು ಕೇಳಿದ. ಮಾರುತ್ತಿಲ್ಲ, ಹವಾಮಾನ ಬದಲಾವಣೆ ತಡೆಯುತ್ತಿದ್ದೇನೆ ಎಂದು ನಡುರಸ್ತೆಯಲ್ಲಿ ನಿಂತು ಹೇಳುವುದು ಹೇಗೆ? ಟೀ ಅಂಗಡಿಯವನ ಹತ್ತಿರ ಪೊರಕೆ ಇಸಕೊಂಡು ಗುಡಿಸಿದೆ. ಅರ್ಧ ಹೊಟ್ಟು ಗಾಳಿಗೆ ಹೋಯಿತು. ಉಳಿದರ್ಧದಲ್ಲಿ ರಸ್ತೆಯ ಮರಳೂ ಸೇರಿತು.

ನನ್ನ ಕೆಲಸ ಏನೆಂದು ನನ್ನ ಮನೆಯವರಿಗೇ ಇನ್ನೂ ಅರ್ಥವಾಗಿಲ್ಲ. ಹುಣಸೂರಿನಲ್ಲಿ ಎರಡು ಕೋಣೆಯ ಕಚೇರಿಯಿರುವ ಸಣ್ಣ ಸಂಸ್ಥೆ ನಮ್ಮದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಹೆಂಗಸರ ಸಂಘಗಳು ಸೌದೆ ಉಳಿಸುವುದೋ, ಗಿಡ ಬೆಳೆಸುವುದೋ, ತಾವಾಗಿ ಏನಾದರೂ ಮಾಡಲು ಹೊರಟರೆ ಬೆನ್ನಿಗೆ ನಿಲ್ಲುವುದು ನನ್ನ ಕೆಲಸ. ಕಾಗದದಲ್ಲಿ ಇದಕ್ಕೆ 'ಸಮುದಾಯದ ನೇತೃತ್ವದಲ್ಲಿ ಕಡಿಮೆ ಇಂಗಾಲದ ನಾಳೆ' ಎಂದು ಹೆಸರು. ಈ ಮಾತು ಸಭೆಯಲ್ಲಿ ಇನ್ನೊಂದು ಸಲ ಕಿವಿಗೆ ಬಿದ್ದರೆ ಎದ್ದು ಹೋಗುತ್ತೇನೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಎದ್ದು ಹೋಗಿಲ್ಲ. ಅರ್ಧ ಸಲ ಆ ಮಾತು ಆಡುತ್ತಿದ್ದವಳು ನಾನೇ.

ಹೊಟ್ಟು ಹೋಗಬೇಕಾಗಿದ್ದದ್ದು ಪಿರಿಯಾಪಟ್ಟಣದ ಆಚೆಗಿನ ಒಂದು ಹಳ್ಳಿಗೆ. ಅಲ್ಲಿ ಹೊಗೆಸೊಪ್ಪಿನ ಬೆಳೆ. ಮನೆಗೊಂದು, ಎರಡು ಮನೆಗೊಂದು ಬ್ಯಾರನ್. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಒಳಗೆ ಅಟ್ಟಣಿಗೆ ಅಟ್ಟಣಿಗೆಯಾಗಿ ತೂಗುಹಾಕಿ, ನೆಲಮಟ್ಟದ ಕೊಳವೆಗಳಿಂದ ಒಳಗೆ ಕಾವು ಕಳಿಸುವ ಹೊರಗಿನ ಒಲೆಗೆ ಐದಾರು ದಿನ ಬಿಡದೆ ಸೌದೆ ಒಟ್ಟಿ ಹದ ಮಾಡುತ್ತಾರೆ. ಮೊದಲೆರಡು ದಿನ ಸಣ್ಣ ಕಾವು, ಸೊಪ್ಪು ಹಳದಿಗೆ ತಿರುಗಬೇಕು. ಆಮೇಲೆ ಮೆಲ್ಲಮೆಲ್ಲನೆ ಏರಿಸಿ ದಂಟು ಒಣಗುವ ತನಕ ಉರಿ ನಿಲ್ಲಬಾರದು. ನಡುವೆ ನಿಂತರೆ ಇಡೀ ಬ್ಯಾರನ್ ತಿಪ್ಪೆಗೆ.

ಸೌದೆ ಎಲ್ಲಿಂದ ಬರಬೇಕು? ಬದುವಿನ ಮರಗಳಿಂದ. ಆ ಊರಿನ ಸಂಘದ ಮುಂದಾಳು ಒಬ್ಬಳು ಹೆಂಗಸು, ನಲವತ್ತರ ಆಸುಪಾಸು, ಗಂಡ ಗೂಡ್ಸ್ ಗಾಡಿ ಓಡಿಸಿಕೊಂಡು ವಾರದಲ್ಲಿ ಎರಡು ದಿನ ಮನೆಯಲ್ಲಿರುವವನು. ಅವಳ ಹೊಲದ ಸುತ್ತ ಇದ್ದ ಮರಗಳು ವರ್ಷಕ್ಕೊಂದರಂತೆ ಒಲೆಗೆ ಹೋಗಿ ಕೊನೆಗೆ ಒಂದು ಹೊಂಗೆ ಉಳಿದಿತ್ತು. ಸೊಪ್ಪು ಬಿಡಿಸುವ ಕಾಲದಲ್ಲಿ ಹತ್ತು ಹನ್ನೆರಡು ಹೆಂಗಸರು ಆ ಹೊಂಗೆಯ ನೆರಳಲ್ಲಿ ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದರು. ಮೊದಲ ಸಭೆಯಲ್ಲಿ ನಾನು ಅರ್ಧ ಗಂಟೆ ಭೂಮಿಯ ಬಿಸಿಯ ಬಗ್ಗೆ ಕೊರೆದ ಮೇಲೆ ಅವಳು ಹೇಳಿದ್ದು ಒಂದೇ ಮಾತು.

"ಭೂಮಿ ಕತೆ ನಂಗೊತ್ತಿಲ್ಲ ಮೇಡಂ. ಆ ಒಂಗೆ ಮರ ಒಂದು ಉಳಿಯಂಗೆ ಮಾಡಿಕೊಡಿ, ಸಾಕು."

ಉಪಾಯವೂ ಅವಳದೇ. ಕೆ.ಆರ್. ನಗರದ ಕಡೆ ಭೇರ್ಯದಲ್ಲಿ ಅವಳ ತವರು. ಅಲ್ಲಿ ಮಡಕೆಯ ಅನ್ನ ಆರದಿರಲೆಂದು ಹೊಟ್ಟು ತುಂಬಿದ ಬುಟ್ಟಿಯಲ್ಲಿಡುತ್ತಾರಂತೆ. ಅನ್ನಕ್ಕೆ ಆಗುವುದು ಬ್ಯಾರನ್ನಿಗೆ ಯಾಕಾಗಬಾರದು ಎಂದಳು. ಭೇರ್ಯದ ಸಂಘ ಅಕ್ಕಿ ಗಿರಣಿಗಳಿಂದ ಹೊಟ್ಟು ಕೂಡಿಸಿತು, ಅಂತರಸಂತೆಯ ಸಂಘದವರು ಬಿದಿರಿನ ತಟ್ಟಿ ಹೆಣೆದು ಕಳಿಸಿದರು. ತಟ್ಟಿಯನ್ನು ಬ್ಯಾರನ್ನಿನ ಹೊರಗೋಡೆಗೆ ಬಡಿದು, ಹೊಟ್ಟು ಕಲಸಿದ ಕೆಮ್ಮಣ್ಣನ್ನು ಗೇಣುದಪ್ಪ ಮೆತ್ತಿದೆವು. ನಾನೂ ಮೊಣಕೈವರೆಗೆ ಮಣ್ಣು ಮಾಡಿಕೊಂಡೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು, ಬ್ಯಾರನ್ನಿಗೆ ಸ್ವೆಟರ್ ಹಾಕ್ತಿದೀರಾ, ಮಂಕಿಕ್ಯಾಪೂ ಹಾಕಿ ಎಂದು ನಕ್ಕರು. ನಗಲಿ. ಈ ಕೆಲಸದಲ್ಲಿ ನನಗೆ ಮನಸ್ಸು ತುಂಬ ಸಂತೋಷವಾಗಿದ್ದ ವಾರ ಅದೊಂದೇ.

ಶಾಖ ಒಳಗೇ ನಿಂತರೆ ಅರ್ಧ ಸೌದೆ ಸಾಕು ಎಂದು ನಮ್ಮ ಕಚೇರಿಯ ಎಂಜಿನಿಯರ್ ಹುಡುಗ ಬರೆದುಕೊಟ್ಟಿದ್ದ. ಅದನ್ನು ನಂಬಿ ಅವಳು ಆ ಸಲ ಅರ್ಧ ಸೌದೆಯನ್ನೇ ಪೇರಿಸಿದ್ದಳು. ಹಾಗೆ ಮಾಡು ಎಂದು ಒತ್ತಿ ಹೇಳಿದವಳು ನಾನು. ಒಳಗೆ ಒಂದು ಥರ್ಮಾಮೀಟರ್ ತೂಗುಹಾಕಿ, ಬಾಗಿಲಿಗೆ ಅಂಗೈಯಗಲದ ಗಾಜು ಕೂರಿಸಿ, ಓದುವುದು ಹೇಗೆಂದು ಅವಳಿಗೆ ತೋರಿಸಿಕೊಟ್ಟೆವು.

ಅವಳಿಗೆ ಮಾತ್ರ ತೋರಿಸಿಕೊಟ್ಟೆವು. ಆ ಮನೆಯಲ್ಲಿ ಉರಿ ನೋಡಿಕೊಳ್ಳುತ್ತಿದ್ದವನು ಅವಳ ಮಾವ. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಹದದ ವಿಷಯಕ್ಕೆ ಬಂದರೆ ಸುತ್ತಲ ಊರಿನವರೂ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಹೋದಲ್ಲಿ ಉರಿಯುವ ಬ್ಯಾರನ್ನಿನ ಸುತ್ತ ನಡೆಯುತ್ತಾ ಅಲ್ಲಲ್ಲಿ ಗೋಡೆಗೆ ಅಂಗೈ ಒತ್ತಿ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಒಲೆ ಹೊತ್ತಿಸುವ ದಿನ ಊದುಬತ್ತಿ ಹಚ್ಚಿ ಪೂಜೆ ಮಾಡುವ ಜನ, ಇದೂ ಒಂದು ಕೈಮುಗಿಯುವ ರೀತಿ ಇರಬೇಕು ಎಂದು ನಾನು ಅಂದುಕೊಂಡೆ. ಅದರದೊಂದು ಫೋಟೋ ಕೂಡ ತೆಗೆದೆ. ಕಚೇರಿಯವರಿಗೆ ಆ ಫೋಟೋ ಬಹಳ ಹಿಡಿಸಿತು.

ಕಚೇರಿಯವರಿಗೆ ಹಿಡಿಸಿದ್ದೇ ಕೇಡಾಯಿತು. ಹುಣಸೂರಿನಲ್ಲೊಂದು ಸಮಾವೇಶ, ದೂರದಿಂದ ಅತಿಥಿಗಳು, ಆ ಹೆಂಗಸೇ ಬಂದು ಯಶೋಗಾಥೆ ಹೇಳಬೇಕು ಎಂದರು. ಯಶಸ್ಸೇ ಇನ್ನೂ ಬಂದಿರಲಿಲ್ಲ. ಹೊಸ ಗೋಡೆಯ ಬ್ಯಾರನ್ನಿಗೆ ಮೊದಲ ಸಲ ಉರಿ ಹಾಕುವುದೇ ಆ ವಾರ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯಬೇಡಿ ಎಂದು ವಾದಿಸಿದೆ. ಕಾರ್ಡು ಅಚ್ಚಾಗಿದೆ ಎಂದರು. ಕಾರ್ಡು ಅಚ್ಚಾದ ಮೇಲೆ ಈ ದೇಶದಲ್ಲಿ ಯಾರಪ್ಪನಿಂದಲೂ ಏನನ್ನೂ ನಿಲ್ಲಿಸಲಾಗುವುದಿಲ್ಲ.

ಸಮಾವೇಶ ಬಂದದ್ದು ಉರಿ ಹಾಕಿದ ಎರಡನೆಯ ದಿನಕ್ಕೆ. ಮೊದಲ ದಿನವೆಲ್ಲ ಗಾಜು ನೋಡಿ ಎಷ್ಟು ಒಟ್ಟಬೇಕೆಂದು ಮಾವನಿಗೆ ಹೇಳಿದ್ದವಳು ಅವಳೇ; ಬರಲಾರೆ ಎಂದಳು. ಸಣ್ಣ ಕಾವಿನ ದಿನ, ಗಾಜಿನ ಮುಂದೆ ಯಾರಾದರೂ ಇರಬೇಕು ಎಂದಳು. ಮಾವ ಇದ್ದಾರಲ್ಲ, ಅವರಿಗಿಂತ ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ, ಮಧ್ಯಾಹ್ನದೊಳಗೆ ತಂದುಬಿಡುತ್ತೇನೆ ಎಂದು ಪುಸಲಾಯಿಸಿ ಸ್ಕೂಟರಿಗೆ ಹತ್ತಿಸಿಕೊಂಡೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಮುಖ್ಯ ಅತಿಥಿ ತಡವಾಗಿ ಬಂದರು. ಸ್ವಾಗತ, ದೀಪ, ಹಾರಕ್ಕೆ ಬದಲು ಕುಂಡದಲ್ಲಿಟ್ಟ ಗಿಡ. ಒಬ್ಬರು ಜನರಿಂದ ನಾವು ಕಲಿಯಬೇಕು ಎಂಬುದನ್ನು ಮುಕ್ಕಾಲು ಗಂಟೆ ನಮಗೆ ಕಲಿಸಿದರು. ಇನ್ನೊಬ್ಬರು, ಹೊಗೆಸೊಪ್ಪನ್ನೇ ಬಿಟ್ಟು ಬೇರೆ ಏನಾದರೂ ಬೆಳೆಯಬಾರದೇ ಎಂದು ಬೆಳೆಯುವವರನ್ನು ಎದುರಿಗೆ ಕೂರಿಸಿಕೊಂಡು ಕೇಳಿ, ಉತ್ತರಕ್ಕೆ ಕಾಯದೆ ಊಟಕ್ಕೆ ಹೋದರು. ಅವಳು ಉಟ್ಟ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಾಗಿಲ ಕಡೆಯೇ ನೋಡುತ್ತಿದ್ದಳು. ಅವಳ ಸರದಿ ಬಂದದ್ದು ಊಟದ ಮೇಲೆ. ಶಾಲು ಹೊದಿಸಿದರು. ಇನ್ನೂ ಸೊಪ್ಪು ಇಳಿದಿಲ್ಲ, ಇಳಿದ ಮೇಲೆ ಹೇಳ್ತೀನಿ ಎಂದಷ್ಟೇ ಹೇಳಿ ಇಳಿದುಬಂದಳು. ಜನ ಚಪ್ಪಾಳೆ ತಟ್ಟಿದರು.

ನಾವು ಊರು ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಮಾವ ಒಲೆಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅಂಗಿ ಬಿಚ್ಚಿದ್ದ ಮೈಯೆಲ್ಲ ಬೆವರು, ಮುಖ ಕೆಂಪಾಗಿತ್ತು. ಪಕ್ಕದ ಸೌದೆಯ ರಾಶಿ ಬೆಳಿಗ್ಗೆ ನಾನು ನೋಡಿದ್ದರ ಕಾಲುಭಾಗವೂ ಉಳಿದಿರಲಿಲ್ಲ. ಸೊಸೆಯನ್ನು ಕಂಡು ಎದ್ದು ನಿಂತ.

"ಏನು ಮಣ್ಣು ಮೆತ್ತುದ್ರೋ ಕಣವ್ವ, ಗೋಡೆ ತಣ್ಣಗೇ ಅದೆ. ಬೆಳಗ್ಗಿಂದ ಒಟ್ತಾನೇ ಇವ್ನಿ, ಒಂಚೂರೂ ಬಿಸಿ ಆಯ್ತಿಲ್ಲ."

ಅವಳು ಶಾಲನ್ನು ಅಲ್ಲೇ ಎಸೆದು ಗಾಜಿನ ಹತ್ತಿರ ಓಡಿದಳು. ಬಾಗಿಲು ತೆಗೆದಾಗ ಬಂದ ಝಳಕ್ಕೆ ನಾನು ಹಿಂದೆ ಸರಿದೆ. ಕೆಳಗಿನ ಅಟ್ಟಣಿಗೆಯ ಸೊಪ್ಪು ಹಳದಿಯಾಗುವ ಮೊದಲೇ ಸುಟ್ಟು ಕಂದಾಗಿ ನೇತಾಡುತ್ತಿತ್ತು. ಮೇಲಿನವು ಮಾತ್ರ ಇನ್ನೂ ಜೀವ ಹಿಡಿದಿದ್ದವು.

ಆಗ ನನಗೆ ಆ ಅಂಗೈ ಏನೆಂದು ತಿಳಿಯಿತು. ಅದು ಪೂಜೆಯಲ್ಲ, ಅವನ ಥರ್ಮಾಮೀಟರ್. ಐವತ್ತು ವರ್ಷದಿಂದ ಅವನು ಗೋಡೆ ಮುಟ್ಟಿಯೇ ಹದ ಹೇಳುತ್ತಿದ್ದವನು. ಮೊದಲ ದಿನ ಗೋಡೆ ಜ್ವರ ಬಂದ ಕೂಸಿನ ಹಣೆಯಷ್ಟು ಬೆಚ್ಚಗಿರಬೇಕು, ಮೂರನೆಯ ದಿನ ಬಿಸಿಮುದ್ದೆ ಇಟ್ಟ ತಟ್ಟೆಯಷ್ಟು, ಕೊನೆಗೆ ಕೈ ಇಡಲಾಗಬಾರದು. ನಾವು ಗೋಡೆಗೆ ಗೇಣುದಪ್ಪ ಹೊಟ್ಟು ಮೆತ್ತಿ ಶಾಖವನ್ನು ಒಳಗೆ ಕೂಡಿಹಾಕಿದ್ದೆವು. ಹೊರಗೆ ತಣ್ಣಗಿದ್ದರೆ ನಮ್ಮ ಕೆಲಸ ಸರಿಯಾಗಿದೆ ಎಂದರ್ಥ. ಅವನಿಗೆ ಅದರ ಅರ್ಥ, ಉರಿ ಸಾಲದು. ಸಂಘದ ಹೆಂಗಸರನ್ನು ಎಷ್ಟು ಸಲ ಕೂರಿಸಿಕೊಂಡು ಪ್ರಶ್ನೆ ಕೇಳಿದ್ದೇನೆ, ಎಷ್ಟು ಫಾರಂ ತುಂಬಿಸಿದ್ದೇನೆ. ಉರಿ ಹಾಕುವವನನ್ನು ಮಾತ್ರ, ನಿಮಗೆ ಹದ ಗೊತ್ತಾಗುವುದು ಹೇಗೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಅವನಿಗೆ ವಿಷಯ ಹೇಳಿದವಳು ಸೊಸೆ. ಕೂಗಾಡಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಮುದುಕ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಊರಿನವರೆಲ್ಲ ನಂಬಿದ್ದ ಕೈ ಅದು. ಅವನ ಮುಖ ನೋಡಲಾಗದೆ ನಾನು ಸ್ಕೂಟರಿನ ಹತ್ತಿರ ಹೋಗಿ ನಿಂತೆ.

ಮೇಲಿನ ಸೊಪ್ಪು ಉಳಿಯಬೇಕಾದರೆ ಇನ್ನೂ ಮೂರು ದಿನ ಉರಿ ಬೇಕು. ಸೌದೆ ಇಲ್ಲ. ಊರಿನ ಬ್ಯಾರನ್ನುಗಳೆಲ್ಲ ಒಟ್ಟಿಗೆ ಉರಿಯುವ ಕಾಲದಲ್ಲಿ ಒಣಸೌದೆ ಯಾರು ಕೊಡುತ್ತಾರೆ? ನಾನು ಕಚೇರಿಗೆ ಫೋನ್ ಮಾಡಿದೆ. ಅತಿಥಿಗಳನ್ನು ಬೀಳ್ಕೊಡುತ್ತಿದ್ದೇವೆ, ನಾಳೆ ನೋಡೋಣ ಎಂದರು. ಪಕ್ಕದ ಹೊಲದವನ ಹತ್ತಿರ ಮಾತ್ರ ಎರಡು ಗಾಡಿ ಒಣಸೌದೆ ಇತ್ತು, ಮತ್ತು ಅವನಿಗೆ ಬಹಳ ದಿನದಿಂದ ಹೊಂಗೆಯ ಮೇಲೆ ಕಣ್ಣಿತ್ತು. ಅವನು ಕೆಟ್ಟವನಲ್ಲ. ಅವನಿಗೂ ಮುಂದಿನ ವರ್ಷಕ್ಕೆ ಸೌದೆ ಬೇಕಿತ್ತು. ಈಗ ಒಣಗಿದ್ದು ಕೊಡ್ತೀನಿ, ಮರ ನಂಗೆ ಬುಡು ಎಂದ. ಅವಳು ಒಮ್ಮೆ ಮರದ ಕಡೆ ನೋಡಿದಳು, ಒಮ್ಮೆ ಮಾವನ ಕಡೆ. ಆಮೇಲೆ ಗಾಡಿ ಕಟ್ಟು ಎಂದಳು.

ವಾರ ಬಿಟ್ಟು ನಾನು ಮತ್ತೆ ಹೋದಾಗ ಹೊಂಗೆ ಇರಲಿಲ್ಲ. ಹೆಂಗಸರು ನಾಲ್ಕು ಗೂಟಕ್ಕೆ ನೀಲಿ ಟಾರ್ಪಾಲು ಕಟ್ಟಿಕೊಂಡು, ಅದರಡಿಯ ಧಗೆಯಲ್ಲಿ ಕೂತು ಸೊಪ್ಪು ಕಟ್ಟುತ್ತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ. ಕಾಫಿ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ಸುತ್ತಿಗೆ ಸೊಪ್ಪು ಏರಿಸುವ ಮುನ್ನ ಅವಳು ಕರಣೆ ಹಿಡಿದು ಬಾಗಿಲ ಪಕ್ಕದ ಗೋಡೆ ಕೆರೆಯುವುದನ್ನು ಕಂಡು, ಎಲ್ಲ ಕಿತ್ತುಹಾಕುತ್ತಿದ್ದಾಳೆ ಎಂದುಕೊಂಡೆ. ಕಿತ್ತುಹಾಕಿದರೂ ಕೇಳುವ ಮುಖ ನನಗಿರಲಿಲ್ಲ. ಆದರೆ ಅವಳು ಕೆರೆದದ್ದು ಮಾವನ ಭುಜದ ಎತ್ತರಕ್ಕೆ ಒಂದು ಹಸ್ತದಷ್ಟು ಜಾಗವನ್ನು ಮಾತ್ರ. ಮೆತ್ತಿದ್ದೆಲ್ಲ ಉದುರಿ ಹಳೆಯ ಇಟ್ಟಿಗೆ ಕಂಡಿತು. ಮುದುಕನನ್ನು ಕರೆದಳು.

"ಇಲ್ಲಿ ಮುಟ್ಟಿ ನೋಡಿ ಮಾವ. ನೀವು ಏಳಿದಂಗೇ ಉರಿ ಆಕಾನ."

ಆ ಸಲ ಮುದುಕ ಇಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದ, ಅವಳು ಗಾಜಿನಲ್ಲಿ ನೋಡಿ ಹೇಳಿದಳು, ಇಬ್ಬರದೂ ತಾಳೆಯಾಯಿತು. ಸೊಪ್ಪು ಚಿನ್ನದ ಬಣ್ಣಕ್ಕೆ ಇಳಿಯಿತು. ಈಗ ಹುಣಸೂರು, ಪಿರಿಯಾಪಟ್ಟಣದ ಕೆಲವು ಹಳ್ಳಿಗಳಲ್ಲಿ ಹೊಟ್ಟಿನ ಗೋಡೆ ಮೆತ್ತುವವರೆಲ್ಲ ಒಂದು ಅಂಗೈ ಜಾಗ ಬಿಟ್ಟೇ ಮೆತ್ತುತ್ತಾರೆ. ನೋಡಲು ಬಂದ ನಮ್ಮ ಎಂಜಿನಿಯರ್ ಹುಡುಗ, ಇಲ್ಲಿ ಶಾಖ ಸೋರುತ್ತದೆ, ಮುಚ್ಚಿಸಬೇಕು ಎಂದ. ನಾನು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ.

ಸೊಪ್ಪಿನ ಕಾಲ ಮುಗಿದ ಮೇಲೆ ಕಚೇರಿಯಿಂದ ಫಾರಂ ಬಂತು: ಸೌದೆ ಉಳಿದಿದೆಯೇ, ಹೌದು ಅಥವಾ ಇಲ್ಲ. ತುಂಬಿಸಿಕೊಳ್ಳಲು ಹೋದೆ. ಆಮೇಲಿನ ಸುತ್ತುಗಳಿಗೆಂದು ಕೊಂಡಿದ್ದರಲ್ಲಿ ಮಿಕ್ಕ ಸೌದೆಯನ್ನು ಅವಳು ಮುಂದಿನ ವರ್ಷಕ್ಕೆಂದು ಬದುವಿನ ಮೇಲೆ ಪೇರಿಸುತ್ತಿದ್ದಳು. ಸಾಕಷ್ಟು ಉಳಿದಿತ್ತು. ಆ ಹುಡುಗ ಬರೆದುಕೊಟ್ಟ ಅಂದಾಜು ತಪ್ಪೇನೂ ಆಗಿರಲಿಲ್ಲ. ಮಳೆ ನಿಂತ ಮೇಲಿನ ಚುರುಕು ಬಿಸಿಲು, ಇಬ್ಬರಿಗೂ ನಿಲ್ಲಲು ನೆರಳಿರಲಿಲ್ಲ. ಫಾರಂ ನೋಡಿ ಅವಳು ಬೆವರು ಒರೆಸಿಕೊಂಡಳು.

"ಔದು ಅಂತ ಬರ್ಕೊಳಿ ಮೇಡಂ. ಸೌದೆ ಉಳೀತು. ಯಾವ ಮರ ಉಳಿಸಕ್ಕೆ ಅಂತ ಕೇಳಿದ್ರೆ ಮಾತ್ರ ನೀವೇ ಏನಾದ್ರೂ ಏಳ್ಕೊಳಿ."