ಬೇಸ್ ದಾಟಿ ಬರುವ ಕೂಗು

ಹೊಳೆದಂಡೆಯ ಹಳ್ಳಿಗಳಿಂದ ಈಗ ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಕಬ್ಬೂರಿನಿಂದ ಬರುತ್ತಾರೆ, ನಿಪ್ಪಾಣಿಯಿಂದ ಬರುತ್ತಾರೆ, ಅಥಣಿಯ ದ್ರಾಕ್ಷಿ ತೋಟದವರು ಹೊಸ ಗಾಡಿ ಕೊಂಡ ಮರುದಿನವೇ ಬರುತ್ತಾರೆ. ದಿಗ್ಗೇವಾಡಿ ಕಡೆಯವರು ಮಾತ್ರ ಚಿಕ್ಕೋಡಿಗೆ ಬಂದರೂ ನನ್ನ ಅಂಗಡಿ ದಾಟಿ ಮುಂದೆ ಹೋಗುತ್ತಾರೆ. ನಾನು ಕೂರಿಸಿದ ಸಬ್‌ವೂಫರ್ ಒಬ್ಬ ಹುಡುಗನ ಜೀವ ತೆಗೆಯಿತು ಎನ್ನುವುದು ಅಲ್ಲಿಯ ಮಾತು. ಅದನ್ನು ಫಿಟ್ಟರನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ ಎಂದೂ ಸೇರಿಸುತ್ತಾರೆ. ಒಪ್ಪಿಕೊಂಡದ್ದು ನಿಜ.

ಕಾರಿಗೆ ಅಂಪ್ಲಿಫೈಯರ್ ಕೂರಿಸುವುದು ದೊಡ್ಡ ವಿದ್ಯೆಯೇನಲ್ಲ. ವೈರು ಎಳೆದು, ಫ್ಯೂಸ್ ಹಾಕಿ, ಡಿಕ್ಕಿಯಲ್ಲಿ ಸಬ್‌ವೂಫರಿನ ಡಬ್ಬಿ ಬಿಗಿದರೆ ಯಾರ ಗಾಡಿಯಾದರೂ ಗುಡುಗುತ್ತದೆ. ಕಷ್ಟವಿರುವುದು ಆಮೇಲೆ. ಅಂಪ್ಲಿಫೈಯರಿನ ಮೇಲೆ ಗೇನ್ ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸುತ್ತ ಹೋದರೆ ಒಂದು ಕಡೆ ಡೋಲಿನ ಪೆಟ್ಟು ಒಡೆಯತೊಡಗುತ್ತದೆ, ತೂತು ಬಿದ್ದ ತಗಡಿನ ಹಾಗೆ ಬಡಿದುಕೊಳ್ಳುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದೆ ಬರಬೇಕು. ಬೇಸ್ ಎಂಬ ಆ ತಗ್ಗಿನ ದನಿ, ಹಾಡುವವನ ಗಂಟಲನ್ನು ಕೆಳಗಿನಿಂದ ಎತ್ತಿ ಹಿಡಿಯಬೇಕು, ಹಿಸುಕಬಾರದು. ಇದಕ್ಕೆ ಮೀಟರ್ ಹಿಡಿದು ಕೂರುವವರಿದ್ದಾರೆ. ನಾನು ಕಿವಿಯಿಂದಲೇ ಮಾಡುತ್ತೇನೆ.

ಕೊನೆಗೆ ನನ್ನದೊಂದು ಪರೀಕ್ಷೆ ಇದೆ. ಕಬ್ಬಿನ ಸೀಜನ್ನಿನಲ್ಲಿ ನಮ್ಮ ಕಡೆಯ ರಸ್ತೆ ನೋಡಿದವರಿಗೆ ಅದು ಯಾಕೆ ಎಂದು ಹೇಳಬೇಕಾಗಿಲ್ಲ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಎದುರಿಗೂ ಹಿಂದೆಯೂ ಬರುತ್ತಿರುತ್ತವೆ. ಹಾರ್ನ್ ಕೇಳದವನು ಮನೆ ಸೇರುವುದಿಲ್ಲ. ಅದಕ್ಕೆ ಗಿರಾಕಿಯನ್ನು ಸ್ಟೀರಿಂಗ್ ಮುಂದೆ ಕೂರಿಸಿ, ಗಾಜು ಏರಿಸಿ, ಅವನಿಗೆ ಬೇಕಾದ ಹಾಡನ್ನು ಅವನಿಗೆ ಬೇಕಾದಷ್ಟು ಜೋರಾಗಿ ಹಚ್ಚಿಸುತ್ತೇನೆ. ಆಮೇಲೆ ರಸ್ತೆಯ ಆಚೆ ಬದಿಗೆ ಹೋಗಿ ಹಿಂದಿನಿಂದ ಕೂಗುತ್ತೇನೆ. ಕೇಳಿಸಿತೇ ಎಂದು ಕೇಳುವುದಿಲ್ಲ. ನಾನು ಬೇಸ್ ಕಡಿಮೆ ಮಾಡಿಬಿಟ್ಟೇನು ಎಂದು ಹೆದರಿ, ಕೇಳಿಸದಿದ್ದರೂ ಕೇಳಿಸಿತು ಎನ್ನುವ ಕಳ್ಳರೇ ಎಲ್ಲ. ನಾನು ನೋಡುವುದು ಕತ್ತನ್ನು. ಕೂಗಿದ ಕೂಡಲೇ ಕತ್ತು ಹೊರಳಬೇಕು. ಹೊರಳದಿದ್ದರೆ ಮತ್ತೆ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ಮಾತಿನಲ್ಲಿ ಸುಳ್ಳು ಹೇಳಬಹುದು, ಕತ್ತಿಗೆ ಅಷ್ಟು ಬುದ್ಧಿ ಇರುವುದಿಲ್ಲ.

ಆ ಹುಡುಗನ ಕತ್ತೂ ಹೊರಳಿತ್ತು. ಹೊಳೆದಂಡೆಯಲ್ಲಿ ಕಬ್ಬಿನ ಹೊಲ ಇದ್ದ ಮನೆಯ ಒಬ್ಬನೇ ಮಗ, ಬಿಳಿ ಕಾರು ತಂದಿದ್ದ. ಮಧ್ಯಾಹ್ನವಿಡೀ ನನ್ನ ತಲೆ ತಿಂದ. ಇನ್ನಷ್ಟು ಏರಿಸು, ಇನ್ನಷ್ಟು ಏರಿಸು ಎಂಬ ಒಂದೇ ರಾಗ.

"ಏನ್ ಮಾಮಾ, ಮುದುಕರು ಕೇಳೂ ಸೌಂಡ್ ಮಾಡಿಟ್ರಲ್ಲ!" ಎಂದು ಕಡೆಗೆ ಮುಖ ಊದಿಸಿದ.

"ಮುದುಕ ಆಗೂತನಾ ಬದುಕಬೇಕಲ್ಲಲೇ. ಇಷ್ಟ ಸಾಕು, ನಡಿ" ಎಂದು ಗದರಿಸಿ ಡಿಕ್ಕಿ ಮುಚ್ಚಿದೆ. ಅವನು ನಗುತ್ತ ಹೋದ. ಹಾಗೆ ಅನ್ನಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಮಳೆಗಾಲದಲ್ಲಿ ಕೃಷ್ಣೆ ಏರತೊಡಗಿದರೆ ದಂಡೆಯ ರೈತರಿಗೆ ಒಂದೇ ಧಾವಂತ. ನೀರಿನ ಅಂಚಿನಲ್ಲಿ ಕೂರಿಸಿದ ಪಂಪಿನ ಮೋಟಾರನ್ನು ಬಿಚ್ಚಿ, ಹಗ್ಗ ಕಟ್ಟಿ, ದಿಬ್ಬದ ಮೇಲಕ್ಕೆ ಎಳೆಯಬೇಕು. ಆ ವರ್ಷ ಅಪ್ಪ ಮಗ ಇಬ್ಬರೇ ಹೋಗಿದ್ದರು. ಅಪ್ಪ ದಿಬ್ಬದ ಮೇಲೆ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಪಕ್ಕಡ ಹಿಡಿದು ವೈರು ಬಿಚ್ಚುತ್ತಿದ್ದರು. ಮಗ ಕಾರನ್ನು ಅವರ ಮಗ್ಗುಲಲ್ಲೇ ನಿಲ್ಲಿಸಿ, ಬಾಗಿಲು ಡಿಕ್ಕಿ ಎಲ್ಲ ತೆರೆದು, ಹಾಡು ಹಚ್ಚಿ ಕೆಳಗಿಳಿದಿದ್ದ. ಕಾಲು ಜಾರಿತು. ಅಪ್ಪ ತಿರುಗಿ ನೋಡುವಾಗ ಮೋಟಾರು ಇತ್ತು, ಮಗ ಇರಲಿಲ್ಲ. ಮೂರನೆಯ ದಿನ ಕೆಳಗಿನ ಊರಿನ ಹತ್ತಿರ ಸಿಕ್ಕಿದ.

ಸುದ್ದಿ ಕೇಳಿ ಆ ದಿನ ಅಂಗಡಿ ಮುಚ್ಚಿದೆ. ನನ್ನ ಡಬ್ಬಿಯ ಹೆಸರು ಇದರಲ್ಲಿ ಬಂದಿದೆ ಎಂದು ಮಾತ್ರ ಆಗ ಗೊತ್ತಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಆ ಅಪ್ಪ ನನ್ನ ಅಂಗಡಿಗೆ ಬಂದರು. ಬಿಳಿ ಟೋಪಿ, ಮಣ್ಣು ಮೆತ್ತಿದ ಧೋತರ. ಕೂರಿ ಎಂದರೂ ಕೂರಲಿಲ್ಲ.

"ಹೊಳಿ ಏರಾಕತ್ತೈತ್ರಿ ಮಿಸ್ತ್ರಿ. ಹ್ವಾದ ವರ್ಷ ಎಲ್ಲಿಗಿತ್ತೋ ಇವತ್ತ ಅಲ್ಲಿಗೇ ಬಂದೈತಿ. ನೀವು ಬಂದು ಆ ಸೌಂಡ ಅವತ್ತ ಹೆಂಗಿತ್ತು ಹಂಗ ಮಾಡಿಕೊಡಬೇಕು. ಒಂದ್ ಎಳಿ ಹೆಚ್ಚಿಲ್ಲ, ಒಂದ್ ಎಳಿ ಕಡಿಮಿಲ್ಲ."

ಯಾಕೆ ಎಂದು ಕೇಳಿದೆ. ಅವರು ರಸ್ತೆ ನೋಡುತ್ತ ಹೇಳಿದರು. ಮಗ ಮುಳುಗುವಾಗ "ಅಪ್ಪಾ, ಅಪ್ಪಾ" ಎಂದು ಎರಡು ಸಲ ಕೂಗಿದ್ದನಂತೆ. ಎರಡು ಹೊಲದಾಚೆ ಎಮ್ಮೆ ಮೇಯಿಸುತ್ತಿದ್ದವನು ಅದನ್ನು ಕೇಳಿದ್ದ. ಕೇಳಿದವನು ಸುಮ್ಮನಿರದೆ ಹುಡುಗನ ಮಣ್ಣು ಮುಗಿಸಿ ಬಂದವರ ಮುಂದೆಲ್ಲ ಅದನ್ನೇ ಹೇಳಿದ. ಅವತ್ತಿನಿಂದ ಹೆಂಡತಿ ಇವರ ಜೊತೆ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು ಎದ್ದು ಹೋಗುತ್ತಾಳೆ, ಇವರೇ ಬಡಿಸಿಕೊಂಡು ತಿನ್ನಬೇಕು.

"ಒಂದ ಮಾತ ಕೇಳಿದ್ಲ್ರೀ ಆಕಿ. ಎಮ್ಮಿ ಕಾಯಾಂವಗ ಕೇಳಿಸಿದ್ದು ನಿಮಗ್ಯಾಕ ಕೇಳಸ್ಲಿಲ್ಲ ಅಂತ. ನಾ ಏನ್ ಹೇಳ್ಲಿ? ಡಬ್ಬಿ ಸೌಂಡಿಗೆ ಕೇಳಸ್ಲಿಲ್ಲ ಅಂದೆ. ಆಕಿ ನಂಬವಲ್ಲಳು." ಟೋಪಿ ಸರಿಪಡಿಸಿಕೊಂಡು, "ನನಗೂ ಖರೆ ಗೊತ್ತಾಗಬೇಕ್ರಿ" ಎಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಅಂದರೆ ಒಂದು ವರ್ಷದಿಂದ ಇವರು ನನ್ನ ಕೆಲಸದ ತಲೆಗೆ ಹುಡುಗನ ಸಾವು ಕಟ್ಟಿ ತಿರುಗುತ್ತಿದ್ದಾರೆ! ಹೋಗಿಯೇ ತೀರಬೇಕು, ನಾನು ಟ್ಯೂನ್ ಮಾಡಿದ ಗಾಡಿಯಲ್ಲಿ ಮನುಷ್ಯನ ಕೂಗು ಮುಳುಗುವುದಿಲ್ಲ ಎಂದು ತೋರಿಸಿಯೇ ಬರಬೇಕು ಎಂದುಕೊಂಡು ಬೈಕ್ ಹತ್ತಿದೆ. ಎದುರಿಗಿದ್ದವರು ಮಗನನ್ನು ಕಳೆದುಕೊಂಡ ಅಪ್ಪ ಎಂಬುದು ಆ ಹೊತ್ತಿಗೆ ನನಗೆ ಎರಡನೆಯ ಮಾತಾಗಿತ್ತು. ನನ್ನ ಸ್ವಭಾವವೇ ಹಾಗೆ.

ತೋಟದ ಮನೆಯ ಮುಂದೆ ಕಾರು ತಾಡಪಾಲು ಹೊದ್ದು ನಿಂತಿತ್ತು. ತಾಯಿ ಸಿಟ್ಟಿನಲ್ಲಿ ವೈರು ಕಿತ್ತು, ಡಬ್ಬಿ ಅಂಪ್ಲಿಫೈಯರ್ ಎರಡನ್ನೂ ದನದ ಕೊಟ್ಟಿಗೆಗೆ ಎಸೆದಿದ್ದಳು. ಆಕೆ ಕಟ್ಟೆಯ ಮೇಲೆ ಕುಳಿತು ನಾನು ಅವನ್ನು ಒರೆಸುವುದನ್ನು ನೋಡುತ್ತಿದ್ದಳು, ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ತಿರುಪುಗಳೆಲ್ಲ ಅತ್ತಿತ್ತ ತಿರುಗಿದ್ದವು. ಬ್ಯಾಟರಿ ಸತ್ತದ್ದರಿಂದ ಹಾಡು ಹಚ್ಚುವ ಡೆಕ್ಕಿನ ನೆನಪಿನಲ್ಲೂ ಏನೂ ಉಳಿದಿರಲಿಲ್ಲ. ಉಳಿದದ್ದು ನನ್ನ ಕಿವಿಯ ನೆನಪೊಂದೇ. ಹೊಸ ಬ್ಯಾಟರಿ ಹಾಕಿ, ವೈರು ಕೂಡಿಸಿ, ಗಾಡಿಯನ್ನು ದಿಬ್ಬಕ್ಕೆ ಒಯ್ದು ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ನಿಲ್ಲಿಸಿದೆವು. ದಾರಿಯಲ್ಲಿ ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಕೆಲಸಕ್ಕ ನಿಂತ್ರ ದಿನಾ ಹತ್ತ ಸಲ ಕೂಗತಿದ್ದ ನೋಡ್ರಿ. ಅಪ್ಪಾ ಪಕ್ಕಡ ಕೊಡ್ರಿ, ಅಪ್ಪಾ ಹಗ್ಗ ಬಿಡ್ರಿ. ಕೂಗಿದ್ದಕ್ಕೆಲ್ಲ ಎದ್ದು ಓಡ್ತಾರೇನ್ರಿ?"

ದಿಬ್ಬದ ಮೇಲೆ ಗಾಡಿಯ ಬಾಗಿಲು ಡಿಕ್ಕಿ ಎಲ್ಲ ತೆರೆದೆ.

ಹುಡುಗ ಅವತ್ತು ಹಚ್ಚಿದ್ದ ಹಾಡು ಅವನ ಪೆನ್‌ಡ್ರೈವಿನಲ್ಲಿತ್ತು. ಹಚ್ಚಿದೆ. ಕಣ್ಣು ಮುಚ್ಚಿ ಡಿಕ್ಕಿಯ ಅಂಚಿಗೆ ಕೈಯಿಟ್ಟು, ಗೇನ್ ತಿರುಪನ್ನು ಏರಿಸುತ್ತ ಹೋದೆ. ಪೆಟ್ಟು ಒಡೆಯಿತು. ಅಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟು ಗದ್ದಲದಲ್ಲಿ ಮಗ್ಗುಲಲ್ಲಿ ನಿಂತವನ ಮಾತೂ ಕೇಳುವುದಿಲ್ಲ. ಅಪ್ಪನಿಗೂ ನೆಮ್ಮದಿ, ತಾಯಿಗೂ ಉತ್ತರ. ಸ್ಕ್ರೂಡ್ರೈವರ್ ಹಿಡಿದ ಕೈ ಒಂದಷ್ಟು ಹೊತ್ತು ಅಲ್ಲೇ ನಿಂತಿತು. ಆದರೆ ಖರೆ ಗೊತ್ತಾಗಬೇಕು ಎಂದಿದ್ದರು ಅವರು, ನನ್ನ ಹಟವೂ ಇಳಿದಿರಲಿಲ್ಲ. ಕೂದಲೆಳೆ ಹಿಂದೆ ಬಂದೆ. ಟ್ರೆಬಲ್ ಸ್ವಲ್ಪ ಇಳಿಸಿದೆ. ಹಾಡುವವನ ಗಂಟಲು ಬೇಸ್ ಮೇಲೆ ಸ್ವಚ್ಛವಾಗಿ ಎದ್ದು ನಿಂತಿತು. ಆ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಇದ್ದದ್ದು ಇದೇ.

"ಇಷ್ಟ ಇತ್ರಿ" ಎಂದೆ.

"ಹಂಗಾರ ನೀವು ಕೆಳಗ ಹೋಗಿ ಕೂಗ್ರಿ. ನಾ ಇಲ್ಲೇ ಪೆಟಗಿ ಮುಂದ ನಿಂದರ್ತೀನಿ."

"ಏನಂತ ಕೂಗ್ಲ್ರಿ?"

"ಅಂವ ಏನಂತ ಕೂಗಿದ್ದ, ಹಂಗ."

ಕೆಸರಿನ ದಾರಿ ಹಿಡಿದು ಕೆಳಗಿಳಿದೆ. ಹೊಳೆ ಮಣ್ಣಿನ ಬಣ್ಣ ಹೊತ್ತು, ಬೇರುಸಹಿತ ಬಂದ ಗಿಡಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ಮೋಟಾರು ಕೂರಿಸುತ್ತಿದ್ದ ಕಲ್ಲಿನ ಹತ್ತಿರ ನಿಂತು ಮೇಲೆ ನೋಡಿದೆ. ಪೆಟ್ಟಿಗೆಯ ಕಡೆ ಮುಖ ಮಾಡಿ ನಿಂತ ಅವರ ಬೆನ್ನು, ಬಿಳಿ ಟೋಪಿ ಕಾಣುತ್ತಿದ್ದವು. ಡೋಲಿನ ಪೆಟ್ಟು ಅಂಗಾಲಿಗೆ ಬಡಿಯುತ್ತಿತ್ತು. ನನ್ನ ಅಪ್ಪ ಸತ್ತ ಮೇಲೆ ನನ್ನ ಬಾಯಿಂದ ಆ ಶಬ್ದ ಬಂದಿರಲಿಲ್ಲ. ಕೆಮ್ಮಿ, ಉಸಿರು ತುಂಬಿಕೊಂಡು ಕೂಗಿದೆ.

"ಅಪ್ಪಾ!"

ಟೋಪಿ ಹೊರಳಿತು. ಕೂಗು ಮುಗಿಯುವ ಮೊದಲೇ ಹೊರಳಿತು. ಹೊಳೆಯ ಕಡೆ ಅರ್ಧ ತಿರುಗಿದ ಆ ಮುಖ ನನ್ನನ್ನು ನೋಡಿತು, ತಟ್ಟನೆ ಮತ್ತೆ ಪೆಟ್ಟಿಗೆಯ ಕಡೆ ಹೋಯಿತು.

ಎರಡನೆಯ ಸಲ ಕೂಗಲಿಲ್ಲ. ಗೆದ್ದವನು ನಾನು. ನನ್ನ ಕೆಲಸದಲ್ಲಿ ಐಬಿಲ್ಲ ಎಂದು ಸಾಬೀತಾಗಿತ್ತು. ಅಂಥ ಗೆಲುವಿಗೆ ಬೆಂಕಿ ಬೀಳಲಿ ಎನಿಸಿತು. ಅವತ್ತೂ ಇವರಿಗೆ ಕೇಳಿಸಿದೆ. ಮಗ ಪಕ್ಕಡ ಕೇಳುತ್ತಿದ್ದಾನೆ ಎಂದುಕೊಂಡು ವೈರು ಬಿಚ್ಚುತ್ತ ಸುಮ್ಮನಿದ್ದಾರೆ. ಅಷ್ಟೇ ನಡೆದದ್ದು. ಯಾವ ಮನೆಯಲ್ಲೂ ದಿನಾ ನಡೆಯುವಂಥದ್ದು.

ಮೇಲೆ ಬಂದಾಗ ಅವರು ಹಾಡು ಬಂದ್ ಮಾಡಿದ್ದರು. ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತಿದ್ದರು.

"ಏನೂ ಕೇಳಸ್ಲಿಲ್ರಿ ಮಿಸ್ತ್ರಿ" ಎಂದರು.

ಜೀವನವಿಡೀ ನಾನು ಯಾರ ಮಾತನ್ನೂ ನಂಬದೆ ಕತ್ತು ನೋಡಿದವನು. "ಕೇಳಸೂದಿಲ್ರಿ ಕಾಕಾ. ಈ ಬೇಸಿಗೆ ಯಾರಿಗೂ ಕೇಳಸೂದಿಲ್ಲ" ಎಂದೆ.

"ಆಕಿಗೆ ನೀವ ಹೇಳ್ರಿ."

ತೋಟದ ಮನೆಯ ಕಟ್ಟೆಯ ಮುಂದೆ ನಿಂತು ಹೇಳಿದೆ. ನಾನು ಕೂಗಿದೆ, ಕಾಕಾಗೆ ಕೇಳಿಸಲಿಲ್ಲ, ಸೌಂಡೇ ಹಾಗಿದೆ ಎಂದೆ. ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅಂದ್ರ ನನ್ನ ಮಗನ್ನ ನಿನ್ನ ಡಬ್ಬಿ ತಿಂತು."

"ಹೌದ್ರಿ ಕಾಕು."

"ನಿನ್ನ ಕೈ ಸೇದಿ ಹೋಗ್ಲಿ" ಎಂದಳು. ಸಿಟ್ಟಿಗೆ ಹೆಸರಾದ ನಾನು ತಲೆ ತಗ್ಗಿಸಿ ನಿಂತಿದ್ದೆ. ಆಮೇಲೆ ಆಕೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಒಳಗೆ ಹೋಗುತ್ತ ಗಂಡನಿಗೆ ಹೇಳಿದಳು: "ಕೈ ತೊಳ್ಕೊಂಡ ಬರ್ರಿ. ರೊಟ್ಟಿ ಆರಾಕತ್ಯಾವ."

ಅವರು ಹಂಡೆಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತು ಕೈ ತೊಳೆಯತೊಡಗಿದರು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ನಾನು ಸಾಮಾನಿನ ಚೀಲ ಹೆಗಲಿಗೇರಿಸಿ ಅವರ ಹಿಂದೆ ಬಂದು ನಿಂತೆ. ಹಾಡು ಇರಲಿಲ್ಲ, ಗಾಳಿಯೂ ಇರಲಿಲ್ಲ.

"ಬರ್ತೀನ್ರಿ ಕಾಕಾ" ಎಂದೆ.

ಅವರ ಕತ್ತು ಹೊರಳಲಿಲ್ಲ.