ಒಂದು ದಿನ ಮೊದಲೇ ಬಂದ ಏಕಾದಶಿ

ಮೊನ್ನೆ ರಾಯಚೂರಿನ ಕಣ್ಣಿನ ದವಾಖಾನೆಯಲ್ಲಿ ನನ್ನ ಕಣ್ಣಿಗೆ ಎರಡೆರಡು ಹನಿ ಔಷಧ ಬಿಟ್ಟು, ಅರ್ಧ ತಾಸು ಕೂಡಲು ಹೇಳಿದರು. ಸುಮ್ಮನೆ ಕೂಡುವುದು ನನ್ನ ಜಾಯಮಾನವಲ್ಲ. ಪಕ್ಕದಲ್ಲಿದ್ದ ಪತ್ರಿಕೆ ತೆಗೆದೆ. ಸ್ವಲ್ಪ ಹೊತ್ತಿಗೆ ಅಕ್ಷರಗಳು ಒಂದರೊಳಗೊಂದು ಸೇರಿಕೊಂಡವು. ಎದುರು ಗೋಡೆಯ ಗಡಿಯಾರ ಮಾತ್ರ ಸ್ವಚ್ಛವಾಗಿ ಕಾಣುತ್ತಿತ್ತು. ಈ ಮಂಜು ನನಗೆ ಹೊಸದಲ್ಲ, ಐವತ್ತು ವರ್ಷದ ಹಿಂದೆ ಒಮ್ಮೆ ನೋಡಿದ್ದೆ.

ಆಗ ನಿಜಾಮರ ಕಾಲ, ನಾನು ಇಪ್ಪತ್ತೆರಡರ ಹುಡುಗ. ನಮ್ಮೂರು ಮಾನ್ವಿಯ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು, ಮುಂದಿನ ತಿಂಗಳು ಹಾಜರಾಗಬೇಕು. ಅಷ್ಟರಲ್ಲಿ ಒಂದು ಕುರು ಎದ್ದಿತು. ಎಲ್ಲಿ ಎಂದು ಕೇಳಬೇಡಿ. ಮಾಸ್ತರನಾದವನು ಕುರ್ಚಿಗೆ ತಾಗಿಸಲೇಬೇಕಾದ ಜಾಗ, ಅಷ್ಟು ಸಾಕು. ದೇವದುರ್ಗದ ಸೋದರಮಾವ ಬಂದು ನನ್ನನ್ನು ರಾಯಚೂರಿಗೆ ಕರೆದೊಯ್ದ. ಅಲ್ಲಿ ಒಂದು ಸೂಜಿ ಚುಚ್ಚಿ, ಮೂಗಿಗೆ ಬಟ್ಟೆ ಹಿಡಿದು, ಸಿಹಿ ವಾಸನೆಯ ಔಷಧ ಹನಿಸಿದರು. ಕೃಷ್ಣಾ, ಕೃಷ್ಣಾ ಎನ್ನುತ್ತಿದ್ದವನಿಗೆ ಮೂರನೆಯ ಕೃಷ್ಣ ಬಾಯಿಗೆ ಬರಲಿಲ್ಲ.

ಎಚ್ಚರವಾದಾಗ ಕುರು ಹೋಗಿತ್ತು, ಅದರ ಜೊತೆಗೆ ಇನ್ನೇನೋ ಹೋದಂತಿತ್ತು. ಕಿಟಕಿಯಾಚೆಯ ಬೇವಿನ ಎಲೆ ಒಂದೊಂದೂ ಕಾಣುತ್ತಿತ್ತು, ನನ್ನ ಅಂಗೈ ಕಾಣುತ್ತಿರಲಿಲ್ಲ. ಬೆಳಕು ಚುಚ್ಚುತ್ತಿತ್ತು. ಕಂಪೌಂಡರನಿಗೆ ಹೇಳಿದೆ.

"ಕೈಯಾಗಿನ ಗೆರಿ ಕಾಣವಲ್ವುರೀ."

"ಗೆರಿ ನೋಡಿ ಭವಿಷ್ಯಾ ಹೇಳಾಂವ ಏನ ನೀ? ಅಮಲು ಇಳೀತದ, ಹೋಗು," ಎಂದು ಅವನು ನಕ್ಕ. ಮರುದಿನ ಮಾವ ನನ್ನನ್ನು ಮೋಟಾರಿನಲ್ಲಿ ಒಂದೇ ಮಗ್ಗುಲಲ್ಲಿ ಕೂಡಿಸಿ ಮಾನ್ವಿಗೆ ತಂದುಬಿಟ್ಟು ಹೋದ.

ಇಲ್ಲಿ ಮನೆಯ ಗುಟ್ಟೊಂದನ್ನು ಹೇಳಬೇಕು. ಅಪ್ಪ ನಮ್ಮ ಓಣಿಯ ಪುರೋಹಿತರು. ನಾವು ವೈಷ್ಣವರು, ಏಕಾದಶಿ ಎಂದರೆ ಒಲೆ ಹೊತ್ತುವುದಿಲ್ಲ. ಆ ದಿನ ಯಾವುದೆಂದು ಅಪ್ಪ ಹೇಳಿದರೆ ಐದು ಮನೆ ಉಪವಾಸ ಮಾಡುತ್ತಿದ್ದವು. ಆದರೆ ಅಪ್ಪನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಮಂತ್ರಗಳೆಲ್ಲ ಬಾಯಿಗೇ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಪಂಚಾಂಗ ಮಾತ್ರ ಬಾಯಿಗೆ ಬರುವಂಥದಲ್ಲ, ಅದನ್ನು ಬೆಳಿಗ್ಗೆ ನಾನು ಮೆಲ್ಲಗೆ ಓದಿ ಹೇಳುತ್ತಿದ್ದೆ. ಇಡೀ ಮನೆಗೆ ಇದ್ದದ್ದು ನನ್ನ ಕಣ್ಣೇ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಕೇಳಿದರು, "ಇವತ್ತ ತಿಥಿ ಏನಪಾ?"

ಪಂಚಾಂಗ ತೆರೆದೆ. ಸಾಲುಗಳು ಹುಳುಗಳ ಹಾಗೆ ಹರಿದಾಡಿದವು. ಕಾಣುತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಅದು ನಿಜವಾಗಿಬಿಡುತ್ತದೆಂಬ ಹೆದರಿಕೆ, ಮಾಸ್ತರಿಕೆ ಹೋಗುತ್ತದೆಂಬ ಹೆದರಿಕೆ. ಬೆರಳಿಟ್ಟು, ಕಣ್ಣು ಕಿರಿದು ಮಾಡಿ, "ಏಕಾದಶಿ" ಎಂದೆ.

ಸಂಕಲ್ಪದಲ್ಲಿ ತಿಥಿಯ ಹೆಸರು ಬರುವಲ್ಲಿ ಅಪ್ಪ ಒಂದು ಕ್ಷಣ ತಡೆದರು. ಅವರ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡಿದ್ದನ್ನು ನಾನು ನೋಡಿದೆ. ಆಮೇಲೆ ಏಕಾದಶಿ ಎಂದೇ ಹೇಳಿದರು. ಐದೂ ಮನೆಗಳಲ್ಲಿ ಒಲೆ ಹೊತ್ತಲಿಲ್ಲ.

ಮರುದಿನ ಸೂರ್ಯ ಹುಟ್ಟುತ್ತಲೇ ಉಪವಾಸ ಬಿಡುವ ಪಾರಣೆಗೆ ಎಲೆ ಹಾಕಿದ್ದೆವು. ಅನ್ನ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ. ಅಪ್ಪ ಊಟಕ್ಕೆ ಮೊದಲಿನ ಆಪೋಶನಕ್ಕೆ ಅಂಗೈಯಲ್ಲಿ ನೀರು ಹಿಡಿದು ಕೂತಿದ್ದರು. ಅಷ್ಟರಲ್ಲಿ ಮಾವ ಬಂದ. ಏನೋ ಕೆಲಸಕ್ಕೆಂದು ನೀರಮಾನ್ವಿಗೆ ಬಂದವನು ನನ್ನನ್ನು ನೋಡಿಹೋಗಲು ನಸುಕಿನಲ್ಲೇ ನಡೆದು ಬಂದಿದ್ದ. ಹೊಸ್ತಿಲಲ್ಲೇ ನಿಂತುಬಿಟ್ಟ.

"ಏನ್ರೀ ಭಾವ, ಏಕಾದಶಿ ದಿನಾ ಎಲಿ ಹಾಕೀರಿ?"

"ಏಕಾದಶಿ ನಿನ್ನೆ ಆತಲ್ಲೋ?"

"ನಿನ್ನೆ ದಶಮಿ. ನಾ ಹೊಟ್ಟಿತುಂಬ ಉಂಡೀನಿ. ಪಂಚಾಂಗ ಯಾರು ನೋಡಿದ್ರು?"

ನಾನು ಬಾಯಿ ತೆರೆದೆ. ಅಪ್ಪ ಅಂಗೈಯ ನೀರನ್ನು ಮೆಲ್ಲಗೆ ನೆಲಕ್ಕೆ ಬಿಟ್ಟರು.

"ನಾನ ನೋಡಿದ್ದು. ನನಗ ಅಕ್ಷರಾ ಕಾಣದ ವರ್ಷಾತು. ನಂದ ತಪ್ಪು, ಲೆಕ್ಕಾ ತಪ್ಪೀನಿ."

ಎಲೆ ತೆಗೆದರು. ಎದುರುಮನೆಯ ಅಜ್ಜಿ ಏಕಾದಶಿಗೆ ನೀರೂ ಮುಟ್ಟದವಳು. ಅವಳಿಗೆ ಅಪ್ಪ ತಾವೇ ಗೋಡೆ ಹಿಡಿದುಕೊಂಡು ಹೋಗಿ ಹೇಳಿದರು.

"ನಿನ್ನೆಯಿಂದ ನಾಲಿಗಿ ಒಣಗೇದೋ ಯಪ್ಪಾ, ಇವತ್ತೂ ಕೂಡಬೇಕೇನು?" ಎಂದು ಆಕೆ ಅತ್ತಳು. ಬೈದಿದ್ದರೆ ವಾಸಿಯಿತ್ತು.

ಮೂರೇ ದಿನಕ್ಕೆ ನನ್ನ ಕಣ್ಣು ತಿಳಿಯಾಯಿತು. ಪಂಚಾಂಗದ ಸಣ್ಣ ಅಕ್ಷರಗಳೂ ಎಳ್ಳು ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಂಡವು. ಆದರೆ ತಿಥಿ ಕೇಳಲು ಯಾರೂ ಬರಲಿಲ್ಲ. ಕಣ್ಣಿಲ್ಲದವರ ಕೈಯಲ್ಲಿ ಶ್ರಾದ್ಧ ಮಾಡಿಸುವುದು ಹೇಗೆ ಎಂದು ಐದು ಮನೆಯವರೂ ಬೇರೆ ಆಚಾರ್ಯರನ್ನು ಹುಡುಕಿಕೊಂಡರು. ನಾನು ಶಾಲೆಗೆ ಹಾಜರಾದೆ. ಮಾಸ್ತರನ ಕಣ್ಣಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ನನಗೆ ಇಂದಿಗೂ ಬಗೆಹರಿಯದ್ದು ಬೇರೆ. ನಾನು ಊರಲ್ಲಿಲ್ಲದಾಗ ತಾವೇ ಬೆರಳೆಣಿಸಿ, ಹಿಂದಿನ ದಿನ ಸಂಕಲ್ಪದಲ್ಲಿ ನವಮಿ ಎಂದವರಿಗೆ ಮರುದಿನ ದಶಮಿ ಎಂದು ಗೊತ್ತಾಗದೇ? ಒಮ್ಮೊಮ್ಮೆ ಒಂದು ತಿಥಿ ಲೋಪವಾಗಿ ಅದರ ಮುಂದಿನದೇ ಬರುವುದುಂಟು, ಹಾಗೆಂದುಕೊಂಡರೇ? ಆ ಅಂಗೈಯ ನೀರನ್ನು ಅಷ್ಟು ಹೊತ್ತು ಏಕೆ ಹಿಡಿದಿದ್ದರು? ಮಾವ ಬರದಿದ್ದರೆ ಕುಡಿಯುತ್ತಿದ್ದರೇ? ಕೇಳಬೇಕೆಂದುಕೊಂಡೇ ವರ್ಷಗಳು ಹೋದವು, ಅಪ್ಪನೂ ಹೋದರು.

ಮೊನ್ನೆ ಡಾಕ್ಟರನ್ನು ಕೇಳಿದೆ. "ಆಗ ಚುಚ್ಚಿದ ಸೂಜಿಯಲ್ಲಿ ಇಂಥದೇ ಔಷಧ ಇದ್ದಿರಬಹುದು. ಬೇರೇನಾದರೂ ಇದ್ದಿರಲೂಬಹುದು," ಎಂದರು. ಅಲ್ಲಿಗೆ ಅದೂ ಮಂಜೇ.

ಹೊರಗೆ ಬಂದೆವು. ಬಿಸಿಲು ಕಣ್ಣಿಗೆ ಇರಿಯಿತು. ಜೊತೆಗೆ ಬಂದಿದ್ದ ಮಗಳು ಕೈ ಹಿಡಿದಿದ್ದಳು. "ಎರಡ ಮೆಟ್ಟಲ ಅವ ನೋಡಪ್ಪಾ," ಎಂದಳು. ಏರುವಾಗ ನಾನು ಎಣಿಸಿದ್ದೆ, ಮೂರು. ಮುದುಕರಿಗೆ ಎಣಿಸುವ ಚಟ. ಆದರೂ ಅವಳ ಮಾತಿಗೇ ಕಾಲಿಟ್ಟೆ. ಏಕೆ ಎಂದರೆ ಹೇಳಲಾರೆ. ಎರಡಾದ ಮೇಲೆ ನೆಲವಿರಲಿಲ್ಲ. ಮೊಣಕಾಲು ಕಳಕ್ಕೆಂದಿತು.

"ಅಯ್ಯಯ್ಯ, ಇನ್ನೊಂದಿತ್ತು! ನಾ ನೋಡಲೇ ಇಲ್ಲ," ಎಂದಳು.

ಅವಳ ಮುಖ ನನಗೆ ಕಾಣಲಿಲ್ಲ. ಕೈ ಮಾತ್ರ ಬಿಗಿಯಾಗಿ ಹಿಡಿದುಕೊಂಡೆ.

"ನಂದ ತಪ್ಪವಾ," ಎಂದೆ. "ಲೆಕ್ಕಾ ತಪ್ಪೀನಿ."