ಮನೆಮಂದಿ ಕೂತ ಮೇಲೇ ಎಂಜಿನ್

ಬೆಳಿಗ್ಗೆ ಆರೂಕಾಲು. ತಗಡಿನ ಶೆಡ್ಡಿನೊಳಗೆ ಎಂಟು ಜನರ ಕುಟುಂಬವೊಂದು ಎಲ್ಲಿಗೂ ಹೋಗದ ಗಾಡಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ಕೂತಿದೆ. ಗಾಡಿಗೆ ಬಾನೆಟ್ ಇಲ್ಲ. ಎಂಜಿನ್ ಇದೆ, ಆದರೆ ಅದಿನ್ನೂ ಗಾಡಿಯದಾಗಿಲ್ಲ; ಚಾಸಿಯ ಮೇಲೆ ನಾಲ್ಕು ಮರದ ತುಂಡುಗಳನ್ನಿಟ್ಟು, ಅವುಗಳ ಮೇಲೆ ಕೂರಿಸಿದ್ದಾರೆ. ಗಾಡಿಯ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿವೆ. ಒಂದರ ಕಾಲುಚೀಲ ನೀಲಿ, ಇನ್ನೊಂದರದು ಕಂದು.

"ಅಜ್ಜಿ, ನಿಮ್ಮ ಜಾಗದಲ್ಲೇ ಕೂತಿದ್ದೀರಾ?" ಕಾಲುಗಳ ಕಡೆಯಿಂದ ಪ್ರಶ್ನೆ ಬರುತ್ತದೆ.

"ಮೂವತ್ತೆರಡು ವರ್ಷದಿಂದ ಇದೇ ಜಾಗ. ನಿನ್ನ ಕೆಲಸ ನೋಡು ನೀನು."

"ಕೈಚೀಲ ಮಡಿಲಲ್ಲಿದೆಯಾ?"

"ಅದನ್ನೂ ತೂಗ್ತೀಯೇನೋ?"

"ತೂಗ್ದೆ ಬಿಡ್ತೀನಾ! ಸರಿ, ಮಕ್ಕಳೇ, ಈಗ ಕುಣೀರಿ!"

ಇಂಥ ಅಪ್ಪಣೆ ಜೀವನದಲ್ಲಿ ಎಷ್ಟು ಸಲ ಸಿಕ್ಕೀತು? ಮೂವರು ಮೊಮ್ಮಕ್ಕಳೂ ಸೀಟಿನ ಮೇಲೆ ಎದ್ದೆದ್ದು ಬೀಳುತ್ತಾರೆ. ಗಾಡಿ ಮುಂದಕ್ಕೂ ಹಿಂದಕ್ಕೂ ತೊನೆಯುತ್ತದೆ, ಕಮಾನು ಪಟ್ಟಿಗಳು ಕಿರುಗುಟ್ಟುತ್ತವೆ, ಅಜ್ಜಿ ಒಂದು ಕೈಯಲ್ಲಿ ಕೈಚೀಲ, ಇನ್ನೊಂದರಲ್ಲಿ ಕನ್ನಡಕ ಹಿಡಿದು ನಗುತ್ತಾರೆ. ಕುಣಿತ ನಿಂತಾಗ ಕೆಳಗಿನಿಂದ ಮೇಸ್ತ್ರಿ ತೆವಳಿಕೊಂಡು ಹೊರಬರುತ್ತಾರೆ. ಅಂಗೈಯಲ್ಲಿ ಚಪ್ಪಟೆಯಾದ ಒದ್ದೆ ಮಣ್ಣಿನ ಉಂಡೆಯಿದೆ. ಅದರ ಪಕ್ಕಕ್ಕೆ ಎರಡು ಬೆರಳು ಜೋಡಿಸಿ ನೋಡುತ್ತಾರೆ. ಸರಿಯಾಗಿ ಆ ಎರಡು ಬೆರಳಿನಷ್ಟು ದಪ್ಪ ಉಳಿದಿದೆ.

"ಆಯ್ತು. ಇನ್ನು ವೆಲ್ಡಿಂಗ್ ಮಾಡಬಹುದು."

ಎಲ್ಲರೂ ಇವರನ್ನು ಕರೆಯುವುದು ಮುಷ್ಟಿ ಮೇಸ್ತ್ರಿ ಎಂದೇ. ವಯಸ್ಸು ಐವತ್ತಾರು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಹಳೆಯ ಗಾಡಿಗಳಿಂದ ಸೋತ ಪೆಟ್ರೋಲ್ ಎಂಜಿನ್ ಇಳಿಸಿ, ಬೇರೆ ಯಾವುದೋ ಗಾಡಿಯ ಡೀಸೆಲ್ ಎಂಜಿನ್ ಕೂರಿಸುವುದು ಇವರ ಕೆಲಸ. ಒಂದೊಂದು ಗಾಡಿಗೆ ಕಡಿಮೆಯೆಂದರೂ ಎಪ್ಪತ್ತು ದಿನ ಹಿಡಿಯುತ್ತದೆ. ಹನ್ನೊಂದು ವರ್ಷದಲ್ಲಿ ಮೂವತ್ತೇಳು ಗಾಡಿ ಮುಗಿದಿವೆ. ಲೆಕ್ಕಕ್ಕೆ ಪುಸ್ತಕವಿಲ್ಲ. ಗೋಡೆಯ ಹಲಗೆಯ ಮೇಲೆ ಮೂವತ್ತಾರು ಒಣಗಿದ ಮಣ್ಣಿನ ಉಂಡೆಗಳು ಸಾಲಾಗಿ ಕೂತಿವೆ, ಒಂದೊಂದೂ ಒಂದೊಂದು ಕುಟುಂಬದ ಭಾರಕ್ಕೆ ಚಪ್ಪಟೆಯಾದದ್ದು. ಸಾಲಿನ ಮೊದಲ ಜಾಗ, ಮೊದಲ ಗಾಡಿಯದು, ಮಾತ್ರ ಖಾಲಿ.

ಆ ಖಾಲಿ ಜಾಗದ ಕಥೆಯನ್ನು ಮೇಸ್ತ್ರಿ ಹೇಳುವುದಿಲ್ಲ, ಅವರ ಹೆಂಡತಿ ಹೇಳುತ್ತಾರೆ. ಅವರು ದರ್ಜಿ; ಶೆಡ್ಡಿಗೆ ತಾಗಿದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿದೆ.

"ಮೊದಲನೇ ಗಾಡಿ ನಮ್ಮಣ್ಣಂದು. ಇವರು ಗಾಡೀನ ಸ್ಟ್ಯಾಂಡ್ ಮೇಲೆ ಎತ್ತಿಟ್ಟು ಅಳತೆ ತಗೊಂಡ್ರು. ಮುಂದಿನ ಚಕ್ರ ಎರಡೂ ಗಾಳೀಲಿ ನೇತಾಡ್ತಿದ್ವು. ಎಂಜಿನ್ ಕೆಳಗೆ ಮುಷ್ಟಿ ಆರಾಮಾಗಿ ತೂರ್ತು. 'ಎಷ್ಟು ಜಾಗ ಇದೆ ನೋಡು' ಅಂತ ನನ್ನ ಕರೆದು ತೋರಿಸಿದ್ದೇ ತೋರಿಸಿದ್ದು!"

ಗಾಡಿ ನೆಲಕ್ಕಿಳಿದಾಗ ಚಕ್ರದ ಜೊತೆ, ಎರಡೂ ಚಕ್ರ ಜೋಡಿಸುವ ಆಕ್ಸಲ್ ದಂಡವೂ ಮೇಲಕ್ಕೆ ಬಂತು. ಮನೆಯವರು ಹತ್ತಿ ಕೂತಾಗ ಇನ್ನಷ್ಟು ಮೇಲೆ ಬಂತು. ಮೊದಲ ಗುಂಡಿಯಲ್ಲಿ ಅದು ಎಂಜಿನ್ ತಳದ ಆಯಿಲ್ ಚೇಂಬರನ್ನು ಗುದ್ದಿ ಒಡೆಯಿತು. ಎಣ್ಣೆಯೆಲ್ಲ ರಸ್ತೆಯ ಪಾಲಾಯಿತು.

"ನಮ್ಮಣ್ಣ ಒಂದು ಮಾತು ಬೈಲಿಲ್ಲ. ಅದಕ್ಕೇ ಇವರು ಮೂರು ದಿನ ಊಟ ಬಿಟ್ರು. ನಾನು ಬಿಡ್ತೀನಾ? ಅಣ್ಣನ ಪಾಲಿಂದೂ ಸೇರಿಸಿ ಈಗ್ಲೂ ಬೈತೀನಿ."

"ಹನ್ನೊಂದು ವರ್ಷ ಆಯ್ತು, ಕಂತು ಇನ್ನೂ ಮುಗಿದಿಲ್ಲ," ಎಂದು ಮೇಸ್ತ್ರಿ ಒಳಗಿನಿಂದ ಗೊಣಗುತ್ತಾರೆ.

ಅಂದಿನಿಂದ ಒಂದು ಪದ್ಧತಿ ಬಂದಿದೆ. ಗಾಡಿ ನೆಲದ ಮೇಲಿರಬೇಕು. ಎಂಜಿನ್ನಿನ ಭಾರ ಅದರ ಮೇಲಿರಬೇಕು. ಆ ಗಾಡಿಯಲ್ಲಿ ದಿನವೂ ಯಾರು ಎಲ್ಲಿ ಕೂರುತ್ತಾರೋ ಅವರೆಲ್ಲ ಅಲ್ಲಲ್ಲೇ ಕೂರಬೇಕು. ಆಗ ಆಕ್ಸಲ್‌ಗೂ ಚೇಂಬರ್‌ಗೂ ನಡುವೆ ಮೇಸ್ತ್ರಿಯ ಮುಷ್ಟಿ ತೂರಬೇಕು. ಆಮೇಲೆ ಕೈ ತೆಗೆದು ಮಣ್ಣಿನ ಉಂಡೆ ಇಟ್ಟು ಗಾಡಿಯನ್ನು ಕುಣಿಸಿದರೆ, ಉಂಡೆ ಎರಡು ಬೆರಳು ದಪ್ಪ ಉಳಿಯಬೇಕು. ಬಸುರಿಯೊಬ್ಬರು, ಗೋಣಿಚೀಲದಷ್ಟು ದೊಡ್ಡ ನಾಯಿಯೊಂದು, ಸಂಗೀತ ಕಲಿಸುವವರ ಹಾರ್ಮೋನಿಯಂ, ಎಲ್ಲವೂ ಈ ಶೆಡ್ಡಿನಲ್ಲಿ ಅಳತೆಗೆ ಕೂತು ಹೋಗಿವೆ.

ಈಗಿನ ಗಾಡಿ ಮೂವತ್ತೆಂಟನೆಯದು. ಗುಡ್ಡದ ಮೇಲೆ ಸಸಿಗಳನ್ನು ಬೆಳೆಸಿ ಮಾರುವ ಕುಟುಂಬದ್ದು. ಅಜ್ಜಿಯ ಗಂಡ ಕೊಂಡದ್ದು. ಅವರಿಲ್ಲವಾಗಿ ಒಂಬತ್ತು ವರ್ಷ. ಗುಡ್ಡದ ದಾರಿಯಲ್ಲಿ ಒಂದು ಕಡಿದಾದ ತಿರುವಿದೆ. ಮುದಿ ಪೆಟ್ರೋಲ್ ಎಂಜಿನ್ ಅಲ್ಲಿಗೆ ಬಂದಾಗಲೆಲ್ಲ ಉಸಿರು ಬಿಡುತ್ತಿತ್ತು. ಎಲ್ಲರೂ ಇಳಿದು ನಡೆದು ಹತ್ತಬೇಕು, ಖಾಲಿ ಗಾಡಿ ಹಿಂದೆ ಬರಬೇಕು. ಮನೆಯಲ್ಲಿ ಅದಕ್ಕೆ 'ಇಳಿಯೋ ತಿರುವು' ಎಂದೇ ಹೆಸರು. ಅಜ್ಜಿಯ ಮಂಡಿ ಸೋತ ಮೇಲೆ ಅವರು ಗುಡ್ಡ ಇಳಿಯುವುದನ್ನೇ ಬಿಟ್ಟರು. ಕೆಳಗೆ ಪೇಟೆಯಲ್ಲಿರುವ ತಂಗಿಯ ಮುಖ ನೋಡಿ ಹದಿನಾಲ್ಕು ತಿಂಗಳಾಗಿದೆ. ಬಾಡಿಗೆ ವ್ಯಾನು ತರಿಸುತ್ತೇವೆಂದರೆ ಒಪ್ಪುವುದಿಲ್ಲ. ಅಳತೆಗೆಂದು ಒಂದು ಸಲ ವ್ಯಾನು ಹತ್ತಿ ಬಂದದ್ದೇ ದೊಡ್ಡದು.

ಅಳತೆಯ ದಿನವೇ ಅಜ್ಜಿ ಎಲ್ಲರೆದುರು ತೀರ್ಪು ಕೊಟ್ಟಿದ್ದಾರೆ: "ಹೊಸ ಎಂಜಿನ್ ಹಾಕಿದ್ಮೇಲೂ ಆ ತಿರುವಲ್ಲಿ ಒಬ್ಬರೇ ಒಬ್ಬರು ಇಳಿಯೋ ಹಾಗಾದ್ರೆ, ಗಾಡಿ ಗುಜರಿಗೆ. ನನ್ನ ಮನಸ್ಸು ನೋಡ್ಕೊಂಡು ಅದನ್ನ ಸುಮ್ನೆ ಅಂಗಳದಲ್ಲಿ ನಿಲ್ಲಿಸೋದು ಬೇಡ."

ಮಾತು ಮುಗಿಸಿದಾಗ ಅವರ ಕೈ ಕಿಟಕಿಯ ಚೌಕಟ್ಟನ್ನು ಸವರುತ್ತಿತ್ತು. ಮೇಸ್ತ್ರಿ ಅದನ್ನು ಗಮನಿಸಿದ್ದಾರೆ.

ಮುಂದಿನ ಮೂರು ವಾರ ಅವರು ಬೆಳಿಗ್ಗೆ ಐದಕ್ಕೇ ಏಳುತ್ತಾರೆ. ಹಿಂಭಾಗ ಜಜ್ಜಿಹೋದ ಸರಕಿನ ವ್ಯಾನೊಂದರಿಂದ ಬಂದ ಡೀಸೆಲ್ ಎಂಜಿನ್ ಅದು. ನಿಧಾನಕ್ಕೆ ತಿರುಗುವಾಗಲೇ ಭಾರ ಎಳೆಯಬಲ್ಲದು, ಏರಿಗೆ ಬೇಕಾದದ್ದೂ ಅದೇ. ಆದರೆ ಅದರ ಬೋಲ್ಟಿನ ತೂತುಗಳಿಗೂ ಹಳೆಯ ಗೇರ್‌ಬಾಕ್ಸಿನ ತೂತುಗಳಿಗೂ ತಾಳಮೇಳವಿಲ್ಲ. ನಡುವೆ ದಪ್ಪ ಉಕ್ಕಿನ ತಟ್ಟೆಯೊಂದು ಬೇಕು.

"ಎಂಜಿನ್ ಒಂದು ಮನೇದು, ಗೇರ್‌ಬಾಕ್ಸ್ ಇನ್ನೊಂದು ಮನೇದು," ಎಂದು ಮೇಸ್ತ್ರಿ ತಟ್ಟೆಯನ್ನು ತೋರಿಸುತ್ತಾರೆ. "ಬೀಗರ ಮಧ್ಯ ಮಾತು ನಡೆಸೋಕೆ ಒಬ್ಬರು ಬೇಕಲ್ಲ, ಇದು ಅವರು."

ಎಂಜಿನ್ನನ್ನು ಚಾಸಿಗೆ ಹಿಡಿಯುವ ಮೌಂಟಿಂಗ್‌ಗಳು ಮೊದಲು ರಟ್ಟಿನಲ್ಲಿ ಹುಟ್ಟುತ್ತವೆ. ಗೆರೆ ಹಾಕುವುದು ಹೆಂಡತಿಯ ಬಟ್ಟೆಯ ಚಾಕ್‌ನಲ್ಲಿ, ಕತ್ತರಿಸುವುದು ಹೆಂಡತಿಯ ಕತ್ತರಿಯಲ್ಲಿ.

"ರಟ್ಟಿಗೆ ನನ್ನ ಕತ್ತರಿ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳೋದು ರೀ?"

"ಇದೊಂದೇ ಸಲ ಕಣೆ."

"ಮೂವತ್ತೆಂಟನೇ ಇದೊಂದೇ ಸಲ!"

ಬೈಯುತ್ತಲೇ ಅವರು ರಟ್ಟನ್ನು ಕಸಿದುಕೊಂಡು ತಾವೇ ಕತ್ತರಿಸಿ ಕೊಡುತ್ತಾರೆ. ಅಂಚಿನಲ್ಲಿ ಅರ್ಧ ಬೆರಳು ಹೆಚ್ಚು ಬಿಡುತ್ತಾರೆ, ಹೊಲಿಗೆಗೆ ಬಿಡುವ ಹಾಗೆ. ಆ ಅರ್ಧ ಬೆರಳು ವೆಲ್ಡಿಂಗ್‌ಗೆ ಸರಿಹೋಗುತ್ತದೆ.

ಭಾನುವಾರ ಬೆಳಗಾಗುವಷ್ಟರಲ್ಲಿ ಗಾಡಿ ಗುಡ್ಡದ ಬುಡದಲ್ಲಿ ನಿಂತಿದೆ. ಈ ಪರೀಕ್ಷೆಗೆಂದು ಅಜ್ಜಿ ಇನ್ನೊಂದು ಸಲ ಬಾಡಿಗೆ ವ್ಯಾನು ಹತ್ತಿ ಕೆಳಗೆ ಬಂದಿದ್ದಾರೆ. ಅಜ್ಜಿಯ ದೊಡ್ಡ ಮಗ ಸ್ಟಿಯರಿಂಗ್ ಹಿಡಿದಿದ್ದಾರೆ. ಪಕ್ಕದಲ್ಲಿ ಅಜ್ಜಿ, ಮಡಿಲಲ್ಲಿ ಅದೇ ಕೈಚೀಲ. ಹಿಂದೆ ಉಳಿದ ಆರು ಜನ. ಮೇಸ್ತ್ರಿ ಮಾತ್ರ ಹತ್ತುವುದಿಲ್ಲ.

"ನನ್ನ ತೂಕ ಅಳತೇಲಿ ಸೇರಿಲ್ಲ. ನೀವು ಹೋಗಿ, ನಾನು ಇಲ್ಲೇ ನಿಂತು ಕೇಳ್ತೀನಿ."

ಗಾಡಿ ಹೊರಡುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿ ಶಬ್ದದ ಹಿಂದೆಯೇ ಹೋಗುತ್ತಾರೆ. ಎರಡನೇ ಗೇರು. ಮೊದಲ ಗೇರು. ಎಂಜಿನ್ನಿನ ದನಿ ಗಟ್ಟಿಯಾಗಿದೆ, ತಡವರಿಕೆಯಿಲ್ಲ. ತಿರುವು ಬಂದಿರಬೇಕು. ಅಷ್ಟರಲ್ಲಿ ದನಿ ನಿಂತುಹೋಗುತ್ತದೆ.

ಮೇಸ್ತ್ರಿ ಕಣ್ಣು ತೆರೆಯುತ್ತಾರೆ. ಮತ್ತೆ ಶುರುವಾದೀತೆಂದು ಒಂದು ಕ್ಷಣ ಕಾಯುತ್ತಾರೆ. ಇಲ್ಲ. ಐವತ್ತಾರರ ದೇಹ ಓಡತೊಡಗುತ್ತದೆ. ಏರಿನಲ್ಲಿ ಓಡುತ್ತಲೇ ಅವರ ಕಣ್ಣು ರಸ್ತೆಯ ಮೇಲೆ ಎಣ್ಣೆ ಹುಡುಕುತ್ತಿದೆ.

ತಿರುವಿನಲ್ಲಿ ಗಾಡಿ ನಿಂತಿದೆ. ಎಂಟೂ ಜನ ಕೂತಲ್ಲೇ ಕೂತಿದ್ದಾರೆ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕುತ್ತಾರೆ.

"ಎಣಿಸ್ಕೋ. ಒಬ್ರೂ ಇಳಿದಿಲ್ಲ."

"ಮತ್ತೆ... ಏನಾಯ್ತು ಅಜ್ಜಿ?" ಮೇಸ್ತ್ರಿಗೆ ಏದುಸಿರು.

"ಏನೂ ಆಗಿಲ್ಲ. ನಾನೇ ನಿಲ್ಲಿಸು ಅಂದೆ. ಓಡ್ಕೊಂಡು ಬಂದ ಭರದಲ್ಲಿ ಯಾವ ಗಾಡಿನೂ ಹತ್ತುತ್ತೆ. ಇಲ್ಲಿ ನಿಂತು, ಇಲ್ಲಿಂದಲೇ ಹೊರಟ್ರೆ ಆಗ ನಂಬ್ತೀನಿ. ಹತ್ತು ನೀನೂ."

"ಅಜ್ಜಿ, ನನ್ನ ತೂಕ..."

"ಒಣಗಿದ ಕಡ್ಡಿ ಹಾಗಿದ್ದೀಯ, ನಿಂದೊಂದು ತೂಕ! ಹತ್ತಪ್ಪ."

ಮೇಸ್ತ್ರಿ ಹಿಂದಿನ ಬೆಂಚಿನಲ್ಲಿ ಎರಡು ಮಕ್ಕಳ ನಡುವೆ ತೂರಿಕೊಳ್ಳುತ್ತಾರೆ. ಕೀಲಿ ತಿರುಗುತ್ತದೆ. ಎಂಜಿನ್ ಎದ್ದು ಕೂರುತ್ತದೆ. ಕ್ಲಚ್ ಬಿಡುತ್ತಿದ್ದಂತೆ ಗಾಡಿ ಒಂದಿಂಚೂ ಹಿಂದೆ ಸರಿಯದೆ ಮುಂದಕ್ಕೆ ಹೆಜ್ಜೆಯಿಡುತ್ತದೆ. ತಿರುವು ದಾಟಿದ ಕೂಡಲೇ ಗುಂಡಿಯೊಂದಿದೆ. ಮುಂದಿನ ಚಕ್ರ ಅದರೊಳಗೆ ಧೊಪ್ಪನೆ ಇಳಿದೇಳುತ್ತದೆ. ಲೋಹಕ್ಕೆ ಲೋಹ ತಾಗಿದ ಸದ್ದು ಬರುವುದಿಲ್ಲ.

"ಮೇಸ್ತ್ರಿ ಮಾಮ, ಕೈ ಯಾಕೆ ಹೀಗೆ ಹಿಡ್ಕೊಂಡಿದ್ದೀರಾ?" ಪಕ್ಕದ ಪುಟ್ಟ ಹುಡುಗಿ ಕೇಳುತ್ತಾಳೆ. ಮೇಸ್ತ್ರಿ ಬಗ್ಗಿ ನೋಡಿದರೆ ತಮ್ಮದೇ ಬಲಗೈ ಬಿಗಿಯಾಗಿ ಮುಷ್ಟಿ ಕಟ್ಟಿದೆ. ಒಂದೊಂದಾಗಿ ಬೆರಳು ಬಿಡಿಸುತ್ತಾರೆ. ಹುಡುಗಿ ಆ ಅಂಗೈಗೆ ಚಪ್ಪಾಳೆ ಹೊಡೆಯುತ್ತಾಳೆ.

ಮೇಲೆ ಅಂಗಳದಲ್ಲಿ, ಸಸಿಗಳ ಸಾಲಿನ ಪಕ್ಕ ಗಾಡಿ ನಿಲ್ಲುತ್ತದೆ. ಸೊಸೆ ಬಂದು ಬಾಗಿಲು ತೆಗೆದರೂ ಅಜ್ಜಿ ಇಳಿಯುವುದಿಲ್ಲ.

"ಹತ್ತಿ ಆಯ್ತಲ್ಲ, ಇನ್ಯಾಕೆ ಇಳಿಯೋದು? ತಿರುಗಿಸಪ್ಪ ಗಾಡಿ. ನನ್ನ ತಂಗಿ ಮನೆಗೆ ನಡಿ."

ಮಧ್ಯಾಹ್ನ ಮೇಸ್ತ್ರಿ ಶೆಡ್ಡಿಗೆ ಮರಳಿ ಮೂವತ್ತೆಂಟನೆಯ ಗಾಡಿಯ ಉಂಡೆಯನ್ನು ಹಲಗೆಯ ಮೇಲಿಡುತ್ತಾರೆ. ಮುಂದೇನು ಆಸೆ ಎಂದರೆ ಉಂಡೆಯನ್ನು ಸಾಲಿಗೆ ಸರಿಯಾಗಿ ಸರಿಸುತ್ತಾ ಹೇಳುತ್ತಾರೆ.

"ನಾನು ಎಂಜಿನ್ ಕೂರಿಸಿದ ಗಾಡೀಲಿ ಹಿಂದೆ ಕೂತು ಹೋಗಿದ್ದು ಇವತ್ತೇ ಮೊದಲು. ಕಿಟಕಿಯಿಂದ ಊರೆಲ್ಲ ಕಾಣುತ್ತೆ ರೀ! ಮುಂದಿನ ಗಾಡಿಗೆ ಅಳತೆ ತಗೊಳ್ಳೋವಾಗ ಮನೆಮಂದಿ ಜೊತೆ ನಾನೂ ಒಬ್ಬ ಕೂತ್ಕೋಬೇಕು, ಅಷ್ಟೇ. ಆದ್ರೆ ಕೆಳಗೆ ಮುಷ್ಟಿ ಹಿಡಿಯೋದ್ಯಾರು?"

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಲ್ಲುತ್ತದೆ.

"ನನ್ನ ಕೈ ಇಲ್ವಾ? ನಿಮ್ಮದಕ್ಕಿಂತ ಸ್ವಲ್ಪ ಚಿಕ್ಕದು. ಎರಡು ಬಳೆ ಸೇರಿಸಿ ಅಳೆದ್ರೆ ಸರಿಹೋಗುತ್ತೆ."